ಸ್ಪಿತಿ, ಹಾನ್ಲೆ, ರಣ್, ಚಿಂಚೋಳಿ: ಫೋಟೋ ತಂಡದ ಜೊತೆ ಹೊರಡುವವರು ಯಾವುದನ್ನು ಆರಿಸಬೇಕು?

ಕಲಬುರಗಿ, ಬೀದರ್, ಯಾದಗಿರಿ ಕಡೆ ಕ್ಯಾಮೆರಾ ಹಿಡಿದವರು ಈಗ ಜಾಸ್ತಿ. ಮದುವೆ ಸೀಸನ್ನಿನಲ್ಲಿ ದುಡಿದು ಒಳ್ಳೆಯ ಕ್ಯಾಮೆರಾ ಬಾಡಿ, ಒಂದು ವೈಡ್ ಲೆನ್ಸ್ ಮಾಡಿಕೊಂಡವರಿದ್ದಾರೆ. ಶಾಲೆ, ಬ್ಯಾಂಕು, ದವಾಖಾನೆ ಕೆಲಸದ ನಡುವೆ ಭಾನುವಾರ ಬೆಳಿಗ್ಗೆ ಕೋಟೆ, ಕೆರೆ ಅಂತ ಅಲೆಯುವವರೂ ಇದ್ದಾರೆ. ಒಂದು ಹಂತಕ್ಕೆ ಬಂದ ಮೇಲೆ ಇವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಅಣ್ಣಾ, ಸ್ಪಿತಿಗಿ ಹೋಗ್ಲೋ, ಲಡಾಖಿಗಿ ಹೋಗ್ಲೋ? ಇಲ್ಲಾ ಅರ್ಧ ರೊಕ್ಕದಾಗ ರಣ್ ನೋಡಿ ಬರ್ಲೋ?"

ಸ್ಪಿತಿ ಹಿಮಾಚಲದ ಎತ್ತರದ ಕಣಿವೆ, ಹಾನ್ಲೆ ಲಡಾಖಿನ ಹಳ್ಳಿ, ರಣ್ ಗುಜರಾತಿನ ಉಪ್ಪಿನ ಬಯಲು, ಚಿಂಚೋಳಿ ನಮ್ಮ ಪಕ್ಕದ ಕಾಡು. ಇಲ್ಲಿ ಹೇಳುತ್ತಿರುವುದು ಸಣ್ಣ ತಂಡಗಳ ಬಗ್ಗೆ. ಆರೆಂಟು ಜನ, ದಾರಿ ತೋರಿಸುವ ಒಬ್ಬ ಹಿರಿಯ ಫೋಟೋಗ್ರಾಫರ್, ಸ್ಥಳೀಯ ಡ್ರೈವರ್, ಸ್ಥಳೀಯ ಗೈಡ್. ಊರು, ಹೋಟೆಲು, ಮೊಬೈಲ್ ಸಿಗ್ನಲ್ ಎಲ್ಲ ಕಡಿಮೆ ಇರುವ ಜಾಗಕ್ಕೆ ನಿಸರ್ಗದ ಫೋಟೋಗೆ ಅಂತಲೇ ಹೋಗುವ ಪ್ರವಾಸ ಇದು. ಸಾಮಾನ್ಯ ಪ್ಯಾಕೇಜ್ ಟೂರಿಗಿಂತ ದುಬಾರಿ. ಹಾಗಾಗಿ ಒಮ್ಮೆ ಕೂತು ಲೆಕ್ಕ ಹಾಕಿಯೇ ಹೊರಡಬೇಕು.

ಜಾಗಕ್ಕಿಂತ ಮೊದಲು ನೋಡಬೇಕಾದದ್ದು

ನಾನು ಎಲ್ಲಕ್ಕಿಂತ ಮೇಲೆ ಇಡುವುದು ಒಂದು ಪ್ರಶ್ನೆಯನ್ನು. ಸೂರ್ಯ ಹುಟ್ಟುವಾಗ ಮತ್ತು ಮುಳುಗುವಾಗ ಈ ತಂಡ ನಿಮ್ಮನ್ನು ಎಲ್ಲಿ ನಿಲ್ಲಿಸುತ್ತದೆ, ಎಷ್ಟು ಹೊತ್ತು ನಿಲ್ಲಿಸುತ್ತದೆ? ಜಾಗಗಳ ಪಟ್ಟಿ ಉದ್ದ ಇದ್ದಷ್ಟೂ ಈ ಹೊತ್ತು ಕಡಿಮೆಯಾಗುತ್ತದೆ. ಎಂಟು ದಿನದಲ್ಲಿ ಹದಿನೈದು ಜಾಗ ಅಂದರೆ ಒಳ್ಳೆಯ ಬೆಳಕಿನಲ್ಲಿ ನೀವು ಗಾಡಿಯೊಳಗೇ ಕೂತಿರುತ್ತೀರಿ.

ಒಂದು ತಂಡದ ಜೊತೆ ಸ್ಪಿತಿಯ ಲಾಂಗ್ಜಾ ಹಳ್ಳಿಯಲ್ಲಿದ್ದೆವು. ಹಳ್ಳಿಯ ಹಿಂದೆ ಚೌ ಚೌ ಕಾಂಗ್ ನಿಲ್ಡಾ ಶಿಖರ, 6,300 ಮೀಟರಿನದ್ದು. ಸಂಜೆ ಕೆಳಗಿನ ಮಣ್ಣಿನ ಮನೆಗಳಿಗೆಲ್ಲ ನೆರಳು ಬಂದು, ಹಿಮದ ತುದಿಯೊಂದೇ ಕೆಂಪಾಗತೊಡಗಿತ್ತು. ಆಗಲೇ ಹಾರನ್ ಶುರುವಾಯಿತು. ಕೆಳಗಿನ ಕಾಜಾ ಪಟ್ಟಣದ ಹೋಟೆಲಿನಲ್ಲಿ ಊಟದ ಟೈಮು ಅಂತೆ. ಆ ಆಯೋಜಕರ ಪಟ್ಟಿಯಲ್ಲಿ ಲಾಂಗ್ಜಾ ಇತ್ತು, ನಾವೂ ಲಾಂಗ್ಜಾ ನೋಡಿದೆವು, ದೂರಲು ಕಾಗದದ ಮೇಲೆ ಏನೂ ಇಲ್ಲ. ಆದರೆ ನಾವು ದುಡ್ಡು ಕೊಟ್ಟಿದ್ದು ಆ ಹತ್ತು ನಿಮಿಷಕ್ಕೆ. ಅಲ್ಲೇ ರಾತ್ರಿ ಉಳಿಯುವ ಏರ್ಪಾಡಿದ್ದರೆ ಅದೇ ಹಳ್ಳಿ ಬೇರೆಯೇ ಚಿತ್ರ ಕೊಡುತ್ತಿತ್ತು.

ಎರಡನೆಯದು ಗಾಡಿ. ಹನ್ನೆರಡು ಸೀಟಿನ ಟೆಂಪೋ ಟ್ರಾವೆಲರ್‌ನಲ್ಲಿ ಹೋದರೆ ತಲೆಗೆ ಬೀಳುವ ಖರ್ಚು ಕಡಿಮೆ. ಆದರೆ ಇಕ್ಕಟ್ಟಾದ ಬೆಟ್ಟದ ರಸ್ತೆಯಲ್ಲಿ ಅದನ್ನು ಎಲ್ಲೆಂದರಲ್ಲಿ ನಿಲ್ಲಿಸಲಾಗದು. ಇನ್ನೋವಾದಂಥ ಗಾಡಿಯಲ್ಲಿ ಮೂವರೇ ಕೂತರೆ ಎಲ್ಲರಿಗೂ ಕಿಟಕಿ, ಬ್ಯಾಗು ಕೈಗೆ ಸಿಗುವ ಹಾಗೆ ಪಕ್ಕದಲ್ಲೇ. ಎರಡು ಗಾಡಿ ಇದ್ದರೆ ಒಂದು ಕೆಟ್ಟರೂ ಇನ್ನೊಂದಿರುತ್ತದೆ. ಮೆಕ್ಯಾನಿಕ್ ಸಿಗದ ಕಡೆ ಇದು ಸಣ್ಣ ವಿಷಯವಲ್ಲ.

ಮೂರನೆಯದು ನಿಮ್ಮ ದೇಹ. ಕಲಬುರಗಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿ. ನಾವು ಬಿಸಿಲಿಗೆ ಪಳಗಿದವರು, ಎತ್ತರಕ್ಕಲ್ಲ. 4,500 ಮೀಟರ್ ಎತ್ತರದಲ್ಲಿ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟಕ್ಕಿಂತ ಸುಮಾರು 40 ಪ್ರತಿಶತ ಕಡಿಮೆ. ವಯಸ್ಸು, ಜಿಮ್ಮು ಇದಕ್ಕೆ ಲೆಕ್ಕವಿಲ್ಲ. ಗಟ್ಟಿಮುಟ್ಟಾದ ಇಪ್ಪತ್ತೈದರ ಹುಡುಗ ತಲೆನೋವು, ವಾಂತಿ ಅಂತ ಮಲಗಿಬಿಡಬಹುದು, ಐವತ್ತೈದರ ಮೇಷ್ಟ್ರು ಆರಾಮಾಗಿ ಓಡಾಡಬಹುದು. ನಿಧಾನ ಏರುವುದೊಂದೇ ನಂಬಬಹುದಾದ ಉಪಾಯ.

ನಾಲ್ಕನೆಯದು ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಲೆಕ್ಕ. ಆಯೋಜಕರು ಹೇಳುವ ದರ "ಚಂಡೀಗಢದಿಂದ ಚಂಡೀಗಢಕ್ಕೆ" ಅಥವಾ "ಲೇಹ್‌ನಿಂದ ಲೇಹ್‌ಗೆ" ಇರುತ್ತದೆ. ದೆಹಲಿಯವರಿಗೆ ಎಂಟು ದಿನದ ಪ್ರವಾಸ ನಮಗೆ ಹನ್ನೆರಡು ದಿನದ ರಜೆ. ಹೋಗುವ ರೈಲು, ಬರುವ ರೈಲು, ನಡುವಿನ ಒಂದು ರಾತ್ರಿ ಲಾಡ್ಜು, ಎಲ್ಲ ಕೂಡಿಸಿಯೇ ಹೋಲಿಸಿ.

ಐದನೆಯದಾಗಿ ಜೊತೆಗೆ ಬರುವ ಹಿರಿಯ ಫೋಟೋಗ್ರಾಫರ್. ಅವರ ಚಿತ್ರಗಳು ಚೆನ್ನಾಗಿದ್ದರೆ ಸಾಲದು. ಬೆಳಕು ಬಂದಾಗ ಅವರು ತಮ್ಮ ಟ್ರೈಪಾಡ್ ಹಿಂದೆ ನಿಲ್ಲುತ್ತಾರೋ, ನಿಮ್ಮ ಪಕ್ಕ ನಿಲ್ಲುತ್ತಾರೋ? ರಾತ್ರಿ ಊಟದ ನಂತರ ಆ ದಿನದ ಚಿತ್ರ ತೆಗೆದಿಟ್ಟು ಎಲ್ಲರ ಜೊತೆ ಮಾತಾಡುತ್ತಾರೋ? ಇದನ್ನು ಹಿಂದೆ ಹೋಗಿ ಬಂದವರನ್ನೇ ಕೇಳಬೇಕು.

ಸ್ಪಿತಿ: ಮೊದಲ ಸಲ ಎತ್ತರಕ್ಕೆ ಹೋಗುವವರಿಗೆ

ಹಿಮಾಚಲದ ಸ್ಪಿತಿ ಕಣಿವೆ ಮಳೆ ನೆರಳಿನ ಜಾಗ. ಬೋಳು ಬೆಟ್ಟ, ಬೂದು ನದಿ, ಬೆಟ್ಟದ ತುದಿಗೆ ಅಂಟಿಕೊಂಡ ಕೀ, ಧನ್ಕರ್ ಬೌದ್ಧ ಮಠಗಳು. ಗಿಡಮರ ಇಲ್ಲದ ಕಾರಣ ನೆಲದ ಏರಿಳಿತ ಪೂರ್ತಿ ಕಾಣುತ್ತದೆ. ಅಡ್ಡ ಬಿಸಿಲು ಬಿದ್ದಾಗ ಒಂದೊಂದು ಮಡಿಕೆಯೂ ಎದ್ದು ನಿಲ್ಲುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಕಡಿಮೆ.

ಆದರೆ ಸ್ಪಿತಿಗೆ ಎರಡು ದಾರಿ. ಆಯೋಜಕರು ಯಾವುದನ್ನು ಹಿಡಿಯುತ್ತಾರೆ ಅನ್ನುವುದರಲ್ಲೇ ಅವರ ತಿಳಿವಳಿಕೆ ಗೊತ್ತಾಗುತ್ತದೆ. ಶಿಮ್ಲಾ, ಕಿನ್ನೌರ್ ಕಡೆಯ ದಾರಿ ಉದ್ದ. ಸುಮಾರು 2,200 ಮೀಟರ್ ಎತ್ತರದ ಶಿಮ್ಲಾದಿಂದ ಹೊರಟು, ಕಲ್ಪಾ, ನಾಕೊ, ತಾಬೋ ಅಂತ ದಿನಕ್ಕಿಷ್ಟಿಷ್ಟೇ ಏರಿ 3,600 ಮೀಟರಿಗೂ ಮೇಲಿರುವ ಕಾಜಾ ತಲುಪುತ್ತೀರಿ. ದಾರಿಯಲ್ಲಿ ಸಿಗುವ ತಾಬೋ ಮಠ ಕ್ರಿ.ಶ. 996ರದ್ದು. ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲ, ಆದರೂ ಒಳಗೆ ಹೋಗಿ ಕೂತು ಬನ್ನಿ. ಮನಾಲಿ ಕಡೆಯ ದಾರಿ ಹತ್ತಿರ. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಇನ್ನೂ ಸಲೀಸು. ಆದರೆ 2,000 ಮೀಟರಿನ ಮನಾಲಿಯಿಂದ ಒಂದೇ ದಿನದಲ್ಲಿ 4,250 ಮೀಟರಿನ ಚಂದ್ರತಾಲ್‌ಗೆ ಕರೆದುಕೊಂಡು ಹೋಗಿ ಮಲಗಿಸುವ ಯೋಜನೆ ಕಂಡರೆ ಬೇಡ ಅನ್ನಿ. ಶಿಮ್ಲಾ ಕಡೆಯಿಂದ ಏರಿ, ಕೊನೆಯಲ್ಲಿ ಚಂದ್ರತಾಲ್ ನೋಡಿ ಮನಾಲಿ ಕಡೆ ಇಳಿಯುವ ಯೋಜನೆಯೇ ಸರಿ.

ಮನಾಲಿ ಕಡೆಯ, ಕುಂಜುಮ್ ಘಾಟಿ ದಾಟುವ ದಾರಿ ಸುಮಾರಾಗಿ ಜೂನ್‌ನಿಂದ ಅಕ್ಟೋಬರ್ ತನಕ ಮಾತ್ರ ತೆರೆದಿರುತ್ತದೆ. ನನ್ನ ಆಯ್ಕೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ಭಾಗ. ನದಿ ದಂಡೆಯ ವಿಲೋ, ಪಾಪ್ಲರ್ ಮರಗಳು ಹಳದಿಯಾಗಿರುತ್ತವೆ, ಗಾಳಿ ತಿಳಿಯಾಗಿರುತ್ತದೆ, ಜನ ಕಡಿಮೆ. ಶಾಲೆ ಕಾಲೇಜಿನಲ್ಲಿ ಕೆಲಸ ಮಾಡುವವರಿಗೆ ದಸರಾ ರಜೆಯೂ ಹೊಂದುತ್ತದೆ.

ಚಳಿಗಾಲದ ಸ್ಪಿತಿ ಬೇರೆಯೇ ಲೋಕ. ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗೆ, ನಲ್ಲಿಯಲ್ಲಿ ನೀರಿಲ್ಲ, ರಸ್ತೆ ಯಾವಾಗ ಮುಚ್ಚುತ್ತದೋ ಹೇಳಲಾಗದು. ಫೆಬ್ರವರಿ, ಮಾರ್ಚ್‌ನಲ್ಲಿ ಕಿಬ್ಬರ್‌ಗೆ ಹೋಗುವ ತಂಡಗಳು ಬಹುತೇಕ ಹಿಮ ಚಿರತೆಗಾಗಿ ಹೋಗುವಂಥವು. ಅಲ್ಲಿ ದಿನವಿಡೀ ದೂರದ ಬಂಡೆ ನೋಡುತ್ತ ಕೂರುವುದೇ ಕೆಲಸ, ಉದ್ದನೆಯ ಲೆನ್ಸ್ ಬೇಕು. ನಿಸರ್ಗದ ಚಿತ್ರಕ್ಕೆ ಅಂತ ಹೋದರೆ ನಿರಾಸೆ ಆಗುತ್ತದೆ.

ಕಲಬುರಗಿಯಿಂದ ಹೋಗುವವರಿಗೆ ಕರ್ನಾಟಕ ಎಕ್ಸ್‌ಪ್ರೆಸ್ ನಮ್ಮ ಸ್ಟೇಷನ್ನಿನಲ್ಲೇ ಸಿಗುತ್ತದೆ, ಯಾದಗಿರಿಯವರಿಗೂ ಅಷ್ಟೇ. ದೆಹಲಿ ತನಕ ಒಂದೇ ರೈಲು. ಮುಂದೆ ಚಂಡೀಗಢ ಅಥವಾ ಶಿಮ್ಲಾಕ್ಕೆ ಬಸ್ಸು. ಒಟ್ಟು ಹನ್ನೆರಡು, ಹದಿಮೂರು ದಿನ ತೆಗೆದಿಡಿ. ರೈಲಿನ ಖರ್ಚು ಸೇರಿ ಎಪ್ಪತ್ತರಿಂದ ತೊಂಬತ್ತು ಸಾವಿರ ಕೈಯಲ್ಲಿಟ್ಟುಕೊಂಡು ಯೋಚಿಸಿ. ಹೋಮ್‌ಸ್ಟೇಗಳಲ್ಲಿ ಊಟ ಅಂದರೆ ಅನ್ನ, ದಾಲ್, ಥುಕ್ಪಾ. ಎತ್ತರದಲ್ಲಿ ಹಸಿವೆಯೂ ಕಡಿಮೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ. ಕೆಡುವುದಿಲ್ಲ, ಬಾಯಿಗೂ ಹಿತ.

ಹಾನ್ಲೆ: ರಾತ್ರಿ ಆಕಾಶವೇ ಬೇಕು ಅನ್ನುವವರಿಗೆ

ಲಡಾಖ್ ಅಂದ ಕೂಡಲೇ ಎಲ್ಲರಿಗೂ ಪ್ಯಾಂಗಾಂಗ್ ಸರೋವರ ನೆನಪಾಗುತ್ತದೆ. ಪ್ಯಾಂಗಾಂಗ್ ಚೆಂದವೇ. ಆದರೆ ದಂಡೆಯ ಉದ್ದಕ್ಕೂ ಟೆಂಟು, ಹೋಟೆಲು ಬಂದಿವೆ. ದೂರದ ಜಾಗದ ಚಿತ್ರ ಬೇಕು ಅನ್ನುವವರು ಚಾಂಗ್‌ಥಾಂಗ್ ಬಯಲಿನ ಕಡೆ ನೋಡಬೇಕು. ಅಲ್ಲಿನ ಹಾನ್ಲೆ ಸುಮಾರು 4,300 ಮೀಟರ್ ಎತ್ತರದ ಹಳ್ಳಿ, ಲೇಹ್‌ನಿಂದ ಸುಮಾರು 250 ಕಿಲೋಮೀಟರ್.

ಹಾನ್ಲೆಗೂ ನಮಗೂ ಒಂದು ನಂಟಿದೆ. ಅಲ್ಲಿನ ಭಾರತೀಯ ಖಗೋಳ ವೀಕ್ಷಣಾಲಯ ನಡೆಸುವುದು ಬೆಂಗಳೂರಿನ ಭಾರತೀಯ ಖಗೋಳ ಭೌತ ವಿಜ್ಞಾನ ಸಂಸ್ಥೆ. ಅಲ್ಲಿನ ಎರಡು ಮೀಟರ್ ಅಗಲದ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಮ್ಮ ಹೊಸಕೋಟೆಯಿಂದಲೇ ಉಪಗ್ರಹದ ಮೂಲಕ ನಡೆಸುತ್ತಾರೆ. ವಿಜ್ಞಾನಿಗಳು ಅಷ್ಟು ದೂರ ಹೋಗಿ ಕೂತಿದ್ದಕ್ಕೆ ಕಾರಣ ಅಲ್ಲಿನ ಕತ್ತಲೆ. 2022ರ ಡಿಸೆಂಬರ್‌ನಲ್ಲಿ ಈ ಪ್ರದೇಶವನ್ನು ಕತ್ತಲೆ ಆಕಾಶದ ಮೀಸಲು ಪ್ರದೇಶ ಅಂತ ಘೋಷಿಸಿದರು. ಹಳ್ಳಿಯವರಿಗೆ ದೂರದರ್ಶಕ ಕೊಟ್ಟು, ಆಕಾಶ ತೋರಿಸುವ ತರಬೇತಿಯನ್ನೂ ಕೊಟ್ಟಿದ್ದಾರೆ. ಅಂಥ ಮನೆಯಲ್ಲಿ ಉಳಿಸುವ ತಂಡ ಸಿಕ್ಕರೆ ಬಿಡಬೇಡಿ.

ಇಲ್ಲಿ ತಿಂಗಳಿಗಿಂತ ತಿಥಿ ಮುಖ್ಯ. ಗೋಡೆಯ ಕ್ಯಾಲೆಂಡರ್ ತೆಗೆದು ಅಮಾವಾಸ್ಯೆ ನೋಡಿ. ಅದರ ಆಚೀಚೆ ಮೂರ್ನಾಲ್ಕು ದಿನ ಬಿಟ್ಟು ಬೇರೆ ದಿನ ಹಾನ್ಲೆಯಲ್ಲಿ ಇಟ್ಟಿದ್ದಾರೆ ಅಂದರೆ ಆಯೋಜಕರಿಗೆ ಫೋಟೋ ಬೇಕಿಲ್ಲ, ಸೀಟು ತುಂಬಬೇಕಿದೆ. ಹಾನ್ಲೆಯಲ್ಲಿ ಕನಿಷ್ಠ ಎರಡು ರಾತ್ರಿ ಇರಲಿ, ಮೂರಾದರೆ ಉತ್ತಮ. ಒಂದು ರಾತ್ರಿ ಮೋಡ ಬಂದರೆ ಇನ್ನೊಂದು ಇರುತ್ತದೆ. ಜೂನ್‌ನಲ್ಲಿ ರಾತ್ರಿ ಚಿಕ್ಕದು. ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಕತ್ತಲಾದ ಕೂಡಲೇ ಹಾಲುಹಾದಿಯ ನಡುಭಾಗ ದಕ್ಷಿಣದಲ್ಲಿ ಎದ್ದು ನಿಂತಿರುತ್ತದೆ. ಮಧ್ಯರಾತ್ರಿ ತನಕ ಚಳಿಯಲ್ಲಿ ಕಾಯಬೇಕಿಲ್ಲ.

ತೊಂದರೆ ಇರುವುದು ಎತ್ತರದಲ್ಲಿ. ವಿಮಾನದಲ್ಲಿ ಹೋದರೆ ನೇರ 3,500 ಮೀಟರಿನ ಲೇಹ್‌ನಲ್ಲಿ ಇಳಿಯುತ್ತೀರಿ. ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿ ಇಲ್ಲದ ಯೋಜನೆಗೆ ದುಡ್ಡು ಕಟ್ಟಬೇಡಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ ಸುಮಾರು 500 ಮೀಟರಿಗಿಂತ ಜಾಸ್ತಿ ಏರಿಸಬಾರದು ಅಂತ ವೈದ್ಯರು ಹೇಳುತ್ತಾರೆ. ಗಾಡಿಯಲ್ಲಿ ಆಮ್ಲಜನಕದ ಸಿಲಿಂಡರ್, ಬೆರಳಿಗೆ ಹಾಕುವ ಆಕ್ಸಿಮೀಟರ್ ಇರಲೇಬೇಕು. ಬಿಪಿ, ಹೃದಯ, ಆಸ್ತಮಾ ಇದ್ದವರು ನಿಮ್ಮ ಡಾಕ್ಟರನ್ನು ಕೇಳದೆ ಹೊರಡಬೇಡಿ. ಎತ್ತರದ ತೊಂದರೆಗೆ ತೆಗೆದುಕೊಳ್ಳುವ ಡಯಾಮಾಕ್ಸ್ ಮಾತ್ರೆಯನ್ನೂ ಅವರನ್ನು ಕೇಳಿಯೇ ತೆಗೆದುಕೊಳ್ಳಿ, ಸಲ್ಫಾ ಅಲರ್ಜಿ ಇದ್ದವರಂತೂ ಇದನ್ನು ಮರೆಯಬಾರದು.

ಇನ್ನು ಗಡಿ ಪ್ರದೇಶ. ಪರವಾನಗಿ ಬೇಕು, ಡ್ರೋನ್ ಮನೆಯಲ್ಲೇ ಬಿಡಿ, ಸೇನೆಯ ಗಾಡಿ, ಸೇತುವೆ, ಚೌಕಿ ಕಡೆ ಕ್ಯಾಮೆರಾ ಎತ್ತಬೇಡಿ. ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಮನೆಯವರಿಗೆ ಇದನ್ನು ಮೊದಲೇ ಹೇಳಿಡಿ, ಇಲ್ಲದಿದ್ದರೆ ಸುಮ್ನೆ ಗಾಬರಿಯಾಗುತ್ತಾರೆ.

ನಮ್ಮವರು ಹೈದರಾಬಾದಿಗೆ ಹೋಗಿ ವಿಮಾನ ಹತ್ತಬೇಕು, ದೆಹಲಿಯಲ್ಲಿ ಬದಲಿಸಬೇಕು. ಸ್ಪಿತಿಗಿಂತ ದಿನ ಕಡಿಮೆ, ದುಡ್ಡು ಜಾಸ್ತಿ. ಎಲ್ಲ ಸೇರಿ ಒಂದು ಲಕ್ಷದ ಆಸುಪಾಸು ಇಟ್ಟುಕೊಳ್ಳಿ. ಎಫ್ 2.8 ಅಥವಾ ಅದಕ್ಕಿಂತ ಅಗಲ ತೆರೆಯುವ ವೈಡ್ ಲೆನ್ಸ್, ಗಾಳಿಗೆ ಅಲುಗದ ಟ್ರೈಪಾಡ್ ಇಲ್ಲದೆ ಹಾನ್ಲೆಗೆ ಹೋಗುವುದರಲ್ಲಿ ಅರ್ಥವಿಲ್ಲ. ಬೆಂಗಳೂರು, ಹೈದರಾಬಾದಿನಲ್ಲಿ ಲೆನ್ಸ್ ಬಾಡಿಗೆಗೆ ಸಿಗುತ್ತದೆ. ಒಂದು ವಾರದ ಬಾಡಿಗೆಯೂ ಖರ್ಚಿನ ಲೆಕ್ಕದಲ್ಲಿ ಸೇರಲಿ.

ಸ್ಪಿತಿ, ಹಾನ್ಲೆ ಎರಡೂ ಕಡೆಗೆ ಅನ್ವಯಿಸುವ ಮಾತು: ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಹೆಚ್ಚುವರಿ ಬ್ಯಾಟರಿಗಳನ್ನು ಒಳ ಅಂಗಿಯ ಜೇಬಿನಲ್ಲಿಡಿ. ಹೊರಗಿನ ಚಳಿಯಿಂದ ಬೆಚ್ಚಗಿನ ಕೋಣೆಗೆ ಬರುವ ಮುಂಚೆ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಟ್ಟಿ ಕಟ್ಟಿಡಿ. ಇಲ್ಲದಿದ್ದರೆ ಲೆನ್ಸಿನ ಒಳಗೂ ತೇವ ಕೂರುತ್ತದೆ.

ಕಚ್‌ನ ರಣ್: ಎತ್ತರದ ಭಯವಿಲ್ಲ, ಖರ್ಚು ಅರ್ಧ

ಏನೂ ಇಲ್ಲದ ಬಯಲಿನ ಚಿತ್ರ ತೆಗೆಯುವುದು ಕಷ್ಟದ ವಿದ್ಯೆ. ಆ ವಿದ್ಯೆ ಕಲಿಸುವ ಜಾಗ ಗುಜರಾತಿನ ದೊಡ್ಡ ರಣ್. ಮಳೆಗಾಲದಲ್ಲಿ ಇಲ್ಲಿ ಮಳೆ ನೀರು, ಸಮುದ್ರದ ನೀರು ನಿಲ್ಲುತ್ತದೆ. ಅಕ್ಟೋಬರ್ ನಂತರ ಒಣಗುತ್ತ ಹೋಗಿ ಉಪ್ಪು ಉಳಿಯುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿ ಸರಿಯಾದ ಕಾಲ. ಆ ವರ್ಷ ಮಳೆ ಜೋರಾಗಿದ್ದರೆ ಡಿಸೆಂಬರ್‌ನಲ್ಲೂ ಉಪ್ಪಿನ ಕೆಳಗೆ ಕೆಸರು ಇರುತ್ತದೆ, ಕಾಲಿಟ್ಟಲ್ಲಿ ಕುಸಿಯುತ್ತದೆ.

ಗಟ್ಟಿಯಾದ ಉಪ್ಪಿನ ಮೇಲೆ ಬಗ್ಗಿ ನೋಡಿ. ನೆಲವೆಲ್ಲ ಐದಾರು ಮೂಲೆಯ ತುಂಡುಗಳು. ಒಂದೊಂದು ತುಂಡಿನ ಅಂಚಿಗೂ ಬೆರಳಷ್ಟು ಎತ್ತರದ ಬಿಳಿ ದಡ. ನಿಂತು ತೆಗೆದರೆ ಬರೀ ಬಿಳಿ. ಟ್ರೈಪಾಡನ್ನು ಮೊಣಕಾಲ ಮಟ್ಟಕ್ಕೆ ಇಳಿಸಿ, ಸೂರ್ಯ ಇನ್ನೂ ಕೆಳಗಿರುವಾಗ ತೆಗೆದರೆ ಪ್ರತಿ ದಡಕ್ಕೂ ನೆರಳು ಬಂದು ನೆಲದ ತುಂಬ ಜಾಲ ಹರಡುತ್ತದೆ. ಹೊತ್ತೇರಿದ ಮೇಲೆ ಆ ಜಾಲ ಕಾಣುವುದಿಲ್ಲ. ಬಿಳಿ ನೆಲಕ್ಕೆ ಕ್ಯಾಮೆರಾದ ಮೀಟರ್ ಮೋಸ ಹೋಗಿ ಚಿತ್ರವನ್ನು ಬೂದು ಮಾಡುತ್ತದೆ. ಬೆಳಕನ್ನು (ಎಕ್ಸ್‌ಪೋಷರ್) ಒಂದು, ಒಂದೂವರೆ ಸ್ಟಾಪ್ ಹೆಚ್ಚಿಗೆ ಕೊಡಿ. ಸಂಜೆ ಕೋಣೆಗೆ ಬಂದ ಕೂಡಲೇ ಟ್ರೈಪಾಡಿನ ಕಾಲುಗಳನ್ನು ಸಿಹಿ ನೀರಿನಲ್ಲಿ ತೊಳೆದು ಒರೆಸಬೇಕು. ಉಪ್ಪು ಬಿಟ್ಟರೆ ಕೀಲುಗಳು ಹಿಡಿದುಬಿಡುತ್ತವೆ.

ಇಲ್ಲಿ ಹುಣ್ಣಿಮೆ ಬೇಕು, ಹಾನ್ಲೆಗೆ ಪೂರ್ತಿ ಉಲ್ಟಾ. ಆದರೆ ಹುಣ್ಣಿಮೆಗೆ ಧೋರ್ಡೋ ಹಳ್ಳಿ ಕಡೆ ಬಸ್ಸುಗಟ್ಟಲೆ ಜನ ಬರುತ್ತಾರೆ, ರಣ್ ಉತ್ಸವದ ಟೆಂಟ್ ಊರೇ ಇರುತ್ತದೆ. ದುಡ್ಡು ಕೊಟ್ಟು ತಂಡದ ಜೊತೆ ಹೋಗುವವರು ಖಾವ್ಡಾದಿಂದ ಧೋಲಾವೀರಾಕ್ಕೆ ರಣ್ ಸೀಳಿಕೊಂಡು ಹೋಗುವ ರಸ್ತೆಯ ಕಡೆ ಬೆಳಗು, ಬೈಗು ಇಟ್ಟಿದ್ದಾರೋ ನೋಡಿ. ರಸ್ತೆಯ ಎರಡೂ ಬದಿ ನೀರೋ ಉಪ್ಪೋ, ಜನ ವಿರಳ. ಆ ಕಡೆ ಉಳಿದರೆ ಸಿಂಧೂ ನಾಗರಿಕತೆಯ ಧೋಲಾವೀರಾ ನಗರವೂ ಸಿಗುತ್ತದೆ, 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಜಾಗ. ಬರೀ ಧೋರ್ಡೋದ ಟೆಂಟಿನಲ್ಲಿ ಮೂರು ರಾತ್ರಿ ಅನ್ನುವ ಪ್ಯಾಕೇಜಿಗೆ ಫೋಟೋ ತಂಡ ಅಂತ ಹೆಸರಿಟ್ಟಿದ್ದರೆ ಜಾಸ್ತಿ ದುಡ್ಡು ಕೊಡಬೇಕಿಲ್ಲ. ಅದನ್ನು ನೀವೇ ಬುಕ್ ಮಾಡಿಕೊಳ್ಳಬಹುದು.

ನಮ್ಮಲ್ಲಿಂದ ಮುಂಬೈಗೆ ರೈಲು, ಅಲ್ಲಿಂದ ಭುಜ್‌ಗೆ ಇನ್ನೊಂದು ರೈಲು. ಎಂಟು ದಿನದಲ್ಲಿ ಮುಗಿಯುತ್ತದೆ. ಮೂವತ್ತೈದು, ನಲವತ್ತು ಸಾವಿರ ಇಟ್ಟುಕೊಂಡರೆ ಧೈರ್ಯವಾಗಿ ಹೊರಡಬಹುದು. ತೊಗರಿ ರಾಶಿ ಮುಗಿಸಿ ಜನವರಿ ಕೊನೆಗೆ ಬಿಡುವಾಗುವ ರೈತ ಕುಟುಂಬದವರಿಗೆ ಇದೇ ಹೊಂದುವ ಕಾಲ. ವಯಸ್ಸಾದವರು, ಬಿಪಿ ಇದ್ದವರು, ಮೊದಲ ಸಲ ಇಂಥ ತಂಡ ಸೇರುವವರಿಗೂ ಇದನ್ನೇ ಹೇಳುತ್ತೇನೆ. ಹೆಣ್ಣುಮಕ್ಕಳು ಒಂದು ವಿಷಯ ಮೊದಲೇ ಕೇಳಿಕೊಳ್ಳಿ: ರಣ್‌ನಲ್ಲಿ ಮರೆ ಅನ್ನುವುದೇ ಇಲ್ಲ, ಐದಾರು ಗಂಟೆ ಬಯಲಲ್ಲಿರುವಾಗ ಶೌಚಕ್ಕೆ ಏನು ಏರ್ಪಾಡು? ಸರಿಯಾದ ಆಯೋಜಕರು ಇದಕ್ಕೆ ತಡವರಿಸದೆ ಉತ್ತರ ಕೊಡುತ್ತಾರೆ.

ಕುದುರೆಮುಖ, ಆಗುಂಬೆ

ಮಳೆ, ಮಂಜು, ಹಸಿರು ನೋಡದ ನಮ್ಮ ಕಡೆಯ ಕಣ್ಣಿಗೆ ಜುಲೈ ತಿಂಗಳ ಪಶ್ಚಿಮ ಘಟ್ಟ ದೊಡ್ಡ ಹಬ್ಬ. ಇಪ್ಪತ್ತು ಸಾವಿರದೊಳಗೆ ಆಗುತ್ತದೆ, ಭಾಷೆ ನಮ್ಮದೇ, ಬಸ್ಸಿನಲ್ಲೇ ಹೋಗಬಹುದು. ತೊರೆ, ಪಾಚಿ, ಮಂಜಿನಲ್ಲಿ ಮುಳುಗಿದ ಮರಗಳಿಗೆ ದಿನವಿಡೀ ಮೆತ್ತಗಿನ ಬೆಳಕು ಸಿಗುತ್ತದೆ. ಆದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಚಾರಣಗಳಲ್ಲಿ ಕಾಡಿನೊಳಗೆ ರಾತ್ರಿ ಉಳಿಯಲು ಬಿಡುವುದಿಲ್ಲ. ಬೆಳಿಗ್ಗೆ ಅರಣ್ಯ ಇಲಾಖೆಯ ಗೇಟು ತೆರೆದ ಮೇಲೇ ಹತ್ತಬೇಕು. ಶಿಖರದ ಮೇಲಿನ ಸೂರ್ಯೋದಯ ಅಂತ ಯಾರಾದರೂ ಆಸೆ ತೋರಿಸಿದರೆ ನಂಬಬೇಡಿ. ಕ್ಯಾಮೆರಾಗೆ ಮಳೆ ಕವರ್, ಕಾಲಿಗೆ ಜಿಗಣೆ ಸಾಕ್ಸ್ ಬೇಕೇ ಬೇಕು. ಲೆನ್ಸ್ ಒರೆಸುವ ಒಣ ಬಟ್ಟೆ ಎಷ್ಟಿದ್ದರೂ ಸಾಲದು.

ಚಿಂಚೋಳಿ: ಮನೆ ಹತ್ತಿರ ಇದೆ ಅಂತ ಬಿಡಬೇಡಿ

ಕಲಬುರಗಿಯಿಂದ ಸುಮಾರು ಎರಡು ಗಂಟೆಯ ದಾರಿ, ಬೀದರ್‌ನವರಿಗೆ ಇನ್ನೂ ಹತ್ತಿರ. 2011ರಲ್ಲಿ ವನ್ಯಜೀವಿ ಧಾಮ ಆದ ಚಿಂಚೋಳಿ ಕಾಡು ಸುಮಾರು 135 ಚದರ ಕಿಲೋಮೀಟರ್ ಇದೆ. ಬಯಲು ಸೀಮೆಯ ನಡುವೆ ಇಷ್ಟು ದೊಡ್ಡ ಕಾಡು ಇದೆ ಅಂದರೆ ಹೊರಗಿನವರು ನಂಬುವುದಿಲ್ಲ. ಚಂದ್ರಂಪಳ್ಳಿ ಜಲಾಶಯದ ನೀರು, ಸುತ್ತಲಿನ ಗುಡ್ಡಗಳು, ಮಳೆಗಾಲದ ಎತ್ತಿಪೋತ ಜಲಪಾತ, ಫೆಬ್ರವರಿ, ಮಾರ್ಚ್‌ನಲ್ಲಿ ಎಲೆ ಉದುರಿದ ಕಾಡಿನಲ್ಲಿ ಉರಿಯುವ ಮುತ್ತುಗದ ಹೂವು. ಇಷ್ಟರಲ್ಲೇ ಒಬ್ಬರು ವರ್ಷಪೂರ್ತಿ ಕೆಲಸ ಮಾಡಬಹುದು.

ಸ್ಪಿತಿಯ ಶಿಖರ ಇಲ್ಲಿಲ್ಲ, ನಿಜ. ಚಿತ್ರ ತಾನಾಗಿ ಎದುರು ಬಂದು ನಿಲ್ಲುವುದಿಲ್ಲ, ಹುಡುಕಬೇಕು. ಆದರೆ ನಾನು ಮೇಲೆ ಇಟ್ಟ ಮೊದಲ ಅಳತೆಯಲ್ಲಿ ಚಿಂಚೋಳಿ ಎಲ್ಲವನ್ನೂ ಹಿಂದೆ ಹಾಕುತ್ತದೆ. ಇವತ್ತು ಮೋಡ ಇದ್ದರೆ ಮುಂದಿನ ಭಾನುವಾರ ಮತ್ತೆ ಹೋಗಬಹುದು. ಒಂದೇ ಮರವನ್ನು ಮಂಜಿನಲ್ಲಿ, ಮಳೆಯಲ್ಲಿ, ಬಿಸಿಲಿನಲ್ಲಿ ತೆಗೆಯಬಹುದು. ಹಾನ್ಲೆಗೆ ಹೋಗುವವರಿಗೆ ಈ ಭಾಗ್ಯ ಇಲ್ಲ.

ಇಲ್ಲಿ ತಂಡವನ್ನು ನೀವೇ ಕಟ್ಟಬೇಕು. ನಾಲ್ಕೈದು ಗೆಳೆಯರು, ಒಂದು ಗಾಡಿ, ಕಾಡು ಬಲ್ಲ ಹತ್ತಿರದ ತಾಂಡಾದ ಒಬ್ಬರು. ಅರಣ್ಯ ಇಲಾಖೆಯ ಅನುಮತಿ ಬಿಡುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಧಾಮದೊಳಗೆ ಫೋಟೋ ತೆಗೆಯಲು ಹೋಗುವುದಕ್ಕೂ ಪರವಾನಗಿ ಬೇಕು. ಡ್ರೋನ್ ಹಾರಿಸುವ ಮಾತೇ ಬೇಡ. ದಾರಿ ಬಲ್ಲವರಿಗೆ ದಿನದ ಕೂಲಿ ಮರ್ಯಾದೆಯಿಂದ ಕೊಡಿ. ಅಷ್ಟು ಕೊಟ್ಟೂ ತಲೆಗೆ ಒಂದೆರಡು ಸಾವಿರ ದಾಟುವುದಿಲ್ಲ.

ಐಸ್‌ಲ್ಯಾಂಡ್ ಬಗ್ಗೆಯೂ ಕೆಲವರು ಕೇಳುತ್ತಾರೆ. ಷೆಂಗೆನ್ ವೀಸಾ, ವಿಮಾನ, ಅಲ್ಲಿನ ಊಟದ ಬೆಲೆ ಎಲ್ಲ ಸೇರಿ ಆಗುವ ಖರ್ಚಿನಲ್ಲಿ ಇಲ್ಲಿ ಹೇಳಿದ ಎಲ್ಲ ಪ್ರವಾಸ ಮಾಡಿದರೂ ದುಡ್ಡು ಉಳಿಯುತ್ತದೆ. ಅದನ್ನು ಈ ಹೋಲಿಕೆಯಲ್ಲಿ ಇಡುವುದಿಲ್ಲ.

ಹಾಗಾದರೆ ಯಾರು ಎಲ್ಲಿಗೆ?

ಟ್ರೈಪಾಡ್ ಕೊಂಡು ಇನ್ನೂ ವರ್ಷ ಆಗಿಲ್ಲ ಅನ್ನುವವರು ಈ ವರ್ಷ ಚಿಂಚೋಳಿಯಲ್ಲಿ ಬೆಳಗಿನ ಅಭ್ಯಾಸ ಮಾಡಿ, ಬರುವ ಚಳಿಗಾಲದಲ್ಲಿ ರಣ್‌ಗೆ ಹೋಗಲಿ. ಕತ್ತಲೆಯಲ್ಲಿ ಕ್ಯಾಮೆರಾದ ಗುಂಡಿಗಳು ಕೈಗೆ ತಾನಾಗಿ ಸಿಗುವಷ್ಟು ಪಳಗಿದವರು, ಒಂದೇ ದೊಡ್ಡ ಪ್ರವಾಸಕ್ಕೆ ದುಡ್ಡು ಕೂಡಿಟ್ಟವರು ಸ್ಪಿತಿ ಆರಿಸಲಿ. ಸ್ಪಿತಿ, ಹಾನ್ಲೆ ಎರಡರ ನಡುವೆ ತೂಗಾಡುವವರಿಗೆ ನನ್ನ ಉತ್ತರ ಸ್ಪಿತಿಯೇ. ನಿಧಾನ ಏರಬಹುದು, ಚಿತ್ರಗಳಲ್ಲಿ ಬಗೆ ಜಾಸ್ತಿ, ಒಂದೆರಡು ದಿನ ಮೋಡ ಬಂದರೂ ಪ್ರವಾಸ ವ್ಯರ್ಥವಾಗುವುದಿಲ್ಲ. ನಕ್ಷತ್ರದ ಹುಚ್ಚೇ ಹಿಡಿದವರು, ಹಿಂದೊಮ್ಮೆ 3,500 ಮೀಟರ್ ದಾಟಿ ಆರಾಮಾಗಿದ್ದವರು ಹಾನ್ಲೆಗೆ ಹೋಗಲಿ. ರಜೆ ನಾಲ್ಕೇ ದಿನ ಅನ್ನುವವರಿಗೆ ಘಟ್ಟ.

ಗಂಡ ಹೆಂಡತಿ ಇಬ್ಬರೂ ಹೋಗುವುದಿದ್ದು ಒಬ್ಬರಿಗೆ ಫೋಟೋದಲ್ಲಿ ಆಸಕ್ತಿ ಇಲ್ಲದಿದ್ದರೆ ಸ್ಪಿತಿ, ಹಾನ್ಲೆ ತಂಡ ಬೇಡ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಚಳಿಯಲ್ಲಿ ಇನ್ನೊಬ್ಬರಿಗಾಗಿ ಕಾಯುವುದು ಯಾರಿಗೂ ಹಿತವಲ್ಲ. ರಣ್‌ನಲ್ಲಾದರೆ ಕಸೂತಿ, ಊಟ, ಹಳ್ಳಿಗಳು ಅಂತ ಅವರಿಗೂ ದಿನ ಕಳೆಯುತ್ತದೆ.

ಮುಂಗಡ ಕಟ್ಟುವ ಮುಂಚೆ ಆಯೋಜಕರಿಂದ ದಿನದ ವಿವರ ಬರಹದಲ್ಲಿ ತರಿಸಿಕೊಳ್ಳಿ. ಪ್ರತಿ ದಿನದ ಎದುರು ಸೂರ್ಯೋದಯಕ್ಕೆ ಎಲ್ಲಿ, ಸೂರ್ಯಾಸ್ತಕ್ಕೆ ಎಲ್ಲಿ, ರಾತ್ರಿ ಎಷ್ಟು ಮೀಟರ್ ಎತ್ತರದಲ್ಲಿ ಅಂತ ನೀವೇ ಪೆನ್ನಿನಲ್ಲಿ ಬರೆದು ನೋಡಿ. ಖಾಲಿ ಉಳಿದ ಜಾಗಗಳನ್ನು ಅವರಿಗೇ ಫೋನ್ ಮಾಡಿ ಕೇಳಿ. ಒಂದು ಗಾಡಿಗೆ ಎಷ್ಟು ಜನ, ಕೋಣೆ ಹಂಚಿಕೆ ಹೇಗೆ, ರಸ್ತೆ ಮುಚ್ಚಿದರೆ ಹೆಚ್ಚುವರಿ ದಿನದ ಖರ್ಚು ಯಾರದು, ತಂಡ ತುಂಬದೆ ರದ್ದಾದರೆ ಪೂರ್ತಿ ಹಣ ಎಷ್ಟು ದಿನದಲ್ಲಿ ವಾಪಸ್ ಅನ್ನುವುದೂ ಬರಹದಲ್ಲಿರಲಿ. ವಿಮೆ ಮಾಡಿಸುವಾಗ ಎಷ್ಟು ಮೀಟರ್ ಎತ್ತರದ ತನಕ ಅನ್ವಯಿಸುತ್ತದೆ ಅಂತ ಓದಿ. ಹಿಂದಿನ ತಂಡದಲ್ಲಿದ್ದ ಇಬ್ಬರ ನಂಬರ್ ಕೇಳಿ ಮಾತಾಡಿ. ಆಯೋಜಕರು "ತಂಡ ಹೊರಡುವುದು ಖಚಿತ" ಅಂತ ಬರೆದುಕೊಡುವ ತನಕ ವಿಮಾನದ ಟಿಕೆಟ್ ತೆಗೆಯಬೇಡಿ. ರೈಲಿನದ್ದು ಮೊದಲೇ ತೆಗೆದಿಡಬಹುದು, ಬೇಗ ರದ್ದು ಮಾಡಿದರೆ ಹೆಚ್ಚು ಹೋಗುವುದಿಲ್ಲ.